ತಾರಸಿಯ ಸೋಲಾರ್, ಬೀದಿಯ ಟಿಸಿ, ರಾಜ್ಯದ ಗ್ರಿಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಮೇಲಿನ ಸೋಲಾರ್, ಹೊಲದ ಪಂಪ್‌ಸೆಟ್, ಅಪಾರ್ಟ್‌ಮೆಂಟಿನ ಕಾರ್ ಚಾರ್ಜರ್, ಮನೆ ಬ್ಯಾಟರಿ ಇವುಗಳ ಬಗ್ಗೆ ಬಂದ ಪತ್ರಗಳಲ್ಲಿ ಎಂಟನ್ನು ಆರಿಸಿದ್ದೇವೆ. ಬಹುತೇಕ ಪತ್ರಗಳಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಕಲಸಿಹೋಗಿವೆ. ಒಂದು, ನಿಮ್ಮ ಬೀದಿಯ ವೋಲ್ಟೇಜ್. ಇನ್ನೊಂದು, ಇಡೀ ರಾಜ್ಯದಲ್ಲಿ ಆ ಕ್ಷಣಕ್ಕೆ ಉತ್ಪಾದನೆ ಎಷ್ಟು, ಬಳಕೆ ಎಷ್ಟು ಎಂಬ ಲೆಕ್ಕ. ಮೊದಲನೆಯದಕ್ಕೆ ಮದ್ದು ಕಂಬದ ಹತ್ತಿರವೇ ಇರುತ್ತದೆ. ಎರಡನೆಯದಕ್ಕೆ ಶರಾವತಿಯಿಂದ ರಾಯಚೂರಿನವರೆಗೆ ಎಲ್ಲರೂ ಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಕೆಲಸ ಕೆಡುತ್ತದೆ.

ಪ್ರಶ್ನೆ: ಊರ ಹೊರಗಿನ ಬಡಾವಣೆಯಲ್ಲಿ ಮನೆ. ಸಿಂಗಲ್ ಫೇಸ್, 5 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಬೆಳಿಗ್ಗೆ ಚೆನ್ನಾಗಿ ನಡೆಯುತ್ತದೆ. ಬಿಸಿಲು ನೆತ್ತಿಗೇರಿದ ಹೊತ್ತಿಗೇ ಇನ್ವರ್ಟರ್ ನಿಂತುಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಪ್ಯಾನೆಲ್ ಕೆಟ್ಟಿದೆಯೇ? (ತುಮಕೂರು)

ಪ್ಯಾನೆಲ್ ಕೆಟ್ಟಿಲ್ಲ, ವೋಲ್ಟೇಜ್ ಏರುತ್ತಿದೆ. ಇನ್ವರ್ಟರಿನ ಆ್ಯಪ್‌ನಲ್ಲಿ ದೋಷಗಳ ಪಟ್ಟಿ ತೆರೆಯಿರಿ. ‘ಗ್ರಿಡ್ ಓವರ್ ವೋಲ್ಟೇಜ್’ ಎಂದಿದ್ದರೆ ಅದೇ ಕಾರಣ.

ಲೆಕ್ಕ ಹೀಗಿದೆ. ಬೀದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 11 ಕೆವಿಯನ್ನು (11 ಸಾವಿರ ವೋಲ್ಟನ್ನು) 433 ವೋಲ್ಟ್‌ಗೆ ಇಳಿಸುತ್ತದೆ. ಈ 433 ಎರಡು ಫೇಸುಗಳ ನಡುವಿನದು. ಅಂದರೆ ಲೋಡ್ ಇಲ್ಲದಾಗ ಒಂದು ಫೇಸಿಗೆ 250 ವೋಲ್ಟ್. ನಾವು ಬಾಯಲ್ಲಿ ಹೇಳುವ 230 ಅಲ್ಲ. ದೂರದ ಮನೆಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಬೀಳುತ್ತದೆ ಎಂಬ ಲೆಕ್ಕದಲ್ಲೇ ಹಾಗೆ ಮಾಡಿದ್ದು. ಮಧ್ಯಾಹ್ನ ಬಡಾವಣೆಯವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ, ಲೋಡ್ ಕಡಿಮೆ. ಟಿಸಿ ಬಳಿ 245 ವೋಲ್ಟ್ ಇದೆ ಎಂದುಕೊಳ್ಳಿ. ನಿಮ್ಮ ಮನೆ ಅಲ್ಲಿಂದ 300 ಮೀಟರ್, ಲೈನು ಸಣ್ಣದು, ವೀಸಲ್ ಎಂಬ ತೆಳು ಅಲ್ಯೂಮಿನಿಯಂ ತಂತಿ. ಅದರ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಹೋಗಿಬರುವ ಎರಡೂ ತಂತಿ ಸೇರಿ 0.54 ಓಮ್. 5 ಕಿಲೋವ್ಯಾಟ್ ಎಂದರೆ ಸುಮಾರು 22 ಆಂಪ್. ಅಷ್ಟು ಕರೆಂಟನ್ನು ಲೈನಿಗೆ ನೂಕಬೇಕಾದರೆ ನಿಮ್ಮ ಕಡೆಯ ವೋಲ್ಟೇಜ್ ಟಿಸಿಗಿಂತ 12 ವೋಲ್ಟ್ ಮೇಲಿರಬೇಕು. 245ಕ್ಕೆ 12 ಸೇರಿ 257. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಂತೆ 110 ಪರ್ಸೆಂಟ್, ಅಂದರೆ 253 ವೋಲ್ಟ್ ದಾಟಿದರೆ ಎರಡು ಸೆಕೆಂಡಿನೊಳಗೆ ಇನ್ವರ್ಟರ್ ಕಡಿದುಕೊಳ್ಳಬೇಕು. ಅದು ತನ್ನ ಕೆಲಸ ಮಾಡುತ್ತಿದೆ. ನಿಂತ ಮೇಲೆ ವೋಲ್ಟೇಜ್ ಇಳಿಯುತ್ತದೆ, ಕನಿಷ್ಠ ಒಂದು ನಿಮಿಷ ಕಾದು ಮತ್ತೆ ಕೂಡಿಕೊಳ್ಳುತ್ತದೆ, ಮತ್ತೆ ಏರುತ್ತದೆ. ನಿಮ್ಮ ಬೀದಿಯಲ್ಲಿ ಇನ್ನೂ ಇಬ್ಬರು ಸೋಲಾರ್ ಹಾಕಿಸಿ ಅವರ ಲೈನೂ ಅದೇ ಫೇಸಿಗೆ ಸಿಕ್ಕಿದ್ದರೆ ಹೇಳುವುದೇ ಬೇಡ.

ತಪ್ಪು ಎಲ್ಲಿದೆ ಎಂದು ಕಂಡುಹಿಡಿಯಲು ಮಧ್ಯಾಹ್ನ 12ರಿಂದ 1ರ ನಡುವೆ ಮೂರು ರೀಡಿಂಗ್ ಸಾಕು. ಪರಿಚಯದ ಎಲೆಕ್ಟ್ರಿಷಿಯನ್ ಕೈಯಲ್ಲಿ ತೆಗೆಸಿ. ಇನ್ವರ್ಟರ್ ನಡೆಯುತ್ತಿರುವಾಗ ಅದರ ಎಸಿ ಟರ್ಮಿನಲ್‌ನಲ್ಲಿ ಒಂದು, ಅದೇ ಹೊತ್ತಿಗೆ ಮೀಟರ್ ಬೋರ್ಡಿನಲ್ಲಿ ಒಂದು, ಸೋಲಾರಿನ ಎಸಿ ಬ್ರೇಕರ್ ಇಳಿಸಿದ ಮೇಲೆ ಮೀಟರ್ ಬೋರ್ಡಿನಲ್ಲಿ ಇನ್ನೊಂದು. ಮೊದಲೆರಡರ ವ್ಯತ್ಯಾಸ ನಿಮ್ಮ ಮನೆಯೊಳಗಿನ ಕೇಬಲ್ಲಿನ ಪಾಲು. ಎರಡು ಮತ್ತು ಮೂರರ ವ್ಯತ್ಯಾಸ ಬೀದಿ ಲೈನಿನ ಪಾಲು. ಮೂರನೆಯದೇ 245 ದಾಟಿದ್ದರೆ ಟಿಸಿ ಕಡೆಯದು.

ಮನೆಯೊಳಗಿನ ಪಾಲನ್ನು ಯಾರೂ ನೋಡುವುದಿಲ್ಲ, ಆದರೆ ಅಗ್ಗವಾಗಿ ಸರಿಹೋಗುವುದು ಅದೇ. ತಾರಸಿಯಿಂದ ಮೀಟರಿನವರೆಗೆ 30 ಮೀಟರ್ ದೂರಕ್ಕೆ 4 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಎಳೆದಿದ್ದರೆ ಅಲ್ಲೇ 6 ವೋಲ್ಟ್ ಏರುತ್ತದೆ. ಬಿಸಿಯಾಗುವುದಿಲ್ಲ, ಆದ್ದರಿಂದ ತಪ್ಪೆಂದು ಗೊತ್ತಾಗುವುದಿಲ್ಲ. 10 ಚದರ ಮಿಲಿಮೀಟರಿನದು ಹಾಕಿದರೆ ಎರಡೂವರೆ ವೋಲ್ಟಿಗೆ ಇಳಿಯುತ್ತದೆ.

ಲೈನಿನ ಪಾಲು ದೊಡ್ಡದಿದ್ದರೆ ಮೂರು ಫೇಸಿಗೆ ಹೋಗುವುದು ನಿಜವಾದ ಪರಿಹಾರ. ಅದೇ 5 ಕಿಲೋವ್ಯಾಟ್ ಮೂರಾಗಿ ಹಂಚಿದರೆ ಫೇಸಿಗೆ 7 ಆಂಪ್ ಚಿಲ್ಲರೆ, ನ್ಯೂಟ್ರಲ್‌ನಲ್ಲಿ ಏನೂ ಹರಿಯುವುದಿಲ್ಲ. 12 ವೋಲ್ಟ್ ಇದ್ದದ್ದು 2 ವೋಲ್ಟ್ ಆಗುತ್ತದೆ, ಆರರಲ್ಲಿ ಒಂದು ಪಾಲು. ಇನ್ವರ್ಟರಿನ ಸೆಟ್ಟಿಂಗ್‌ನಲ್ಲಿ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿಬರುವ ಶಕ್ತಿ) ಹೀರಿಕೊಳ್ಳುವ ‘ವೋಲ್ಟ್-ವಾರ್’ ಆಯ್ಕೆ ಇರುತ್ತದೆ. ದೊಡ್ಡ ಲೈನುಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬೀದಿಯ ಸಣ್ಣ ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿಯಲ್ಲಿ ರೋಧದ್ದೇ ಮೇಲುಗೈ, ಆದ್ದರಿಂದ 12ರಲ್ಲಿ 2 ವೋಲ್ಟ್ ಇಳಿದರೆ ಹೆಚ್ಚು. ಅದಕ್ಕಿಂತ ‘ವೋಲ್ಟ್-ವ್ಯಾಟ್’ ಉಪಯೋಗಕ್ಕೆ ಬರುತ್ತದೆ. ವೋಲ್ಟೇಜ್ ಮಿತಿಗೆ ಹತ್ತಿರವಾದಂತೆ ಇನ್ವರ್ಟರ್ ಪೂರ್ತಿ ನಿಲ್ಲದೆ ಉತ್ಪಾದನೆಯನ್ನು ಮೆಲ್ಲಗೆ ತಗ್ಗಿಸುತ್ತದೆ. ಮಧ್ಯಾಹ್ನದ ಒಂದಿಷ್ಟು ಯೂನಿಟ್ ಹೋಗುತ್ತದೆ, ಉಳಿದದ್ದು ಉಳಿಯುತ್ತದೆ.

ಟಿಸಿಯ ಟ್ಯಾಪ್ (ಅದರಿಂದ ಹೊರಬರುವ ವೋಲ್ಟೇಜನ್ನು ಹೆಚ್ಚು ಕಡಿಮೆ ಮಾಡುವ ಸ್ವಿಚ್) ಇಳಿಸಿ ಎಂದು ಎಸ್ಕಾಂಗೆ, ಅಂದರೆ ವಿದ್ಯುತ್ ಸರಬರಾಜು ಕಂಪನಿಗೆ, ಕೇಳಬಹುದು. ಆದರೆ ಸಣ್ಣ ಟಿಸಿಗಳಲ್ಲಿ ಎಷ್ಟೋ ಸಲ ಟ್ಯಾಪ್ ಇರುವುದೇ ಇಲ್ಲ. ಇದ್ದರೂ ಲೈನ್ ಆಫ್ ಮಾಡಿಯೇ ಬದಲಿಸಬೇಕು. ಮಧ್ಯಾಹ್ನಕ್ಕೆಂದು ಇಳಿಸಿದ್ದು ರಾತ್ರಿ ಕೊನೆಯ ಮನೆಯಲ್ಲಿ ಟ್ಯೂಬ್‌ಲೈಟ್ ಹತ್ತದಂತೆ ಮಾಡಬಹುದು. ಅರ್ಜಿಯನ್ನು ಬರಹದಲ್ಲೇ ಕೊಡಿ: ಆರ್‌ಆರ್ ನಂಬರ್, ಕಂಬದ ನಂಬರ್, ಹೊತ್ತಿನ ಸಮೇತ ಮೂರು ರೀಡಿಂಗ್, ಆ್ಯಪ್‌ನ ಫೋಟೊ. ಬರೀ ‘ಸೋಲಾರ್ ನಡೀತಿಲ್ಲ’ ಎಂದರೆ ಸೆಕ್ಷನ್ ಆಫೀಸಿನವರು ನಿಮ್ಮನ್ನು ಇನ್‌ಸ್ಟಾಲರ್ ಕಡೆಗೆ ಕಳಿಸುತ್ತಾರೆ, ಅವರು ವಾಪಸು ಇಲ್ಲಿಗೆ.

ಎರಡು ಎಚ್ಚರಿಕೆ. ಕೆಲವು ಇನ್‌ಸ್ಟಾಲರ್‌ಗಳು ಇನ್ವರ್ಟರಿನಲ್ಲಿ ಬೇರೆ ದೇಶದ ಗ್ರಿಡ್ ಕೋಡ್ ಆರಿಸಿ ಮಿತಿಯನ್ನು ಏರಿಸಿಬಿಡುತ್ತಾರೆ. ಟ್ರಿಪ್ ನಿಲ್ಲುತ್ತದೆ, ನಿಮ್ಮ ಮತ್ತು ಪಕ್ಕದ ಮನೆಯ ಫ್ರಿಜ್, ಟಿವಿ 260 ವೋಲ್ಟ್ ತಿನ್ನುತ್ತವೆ. ಒಪ್ಪಬೇಡಿ. ಎರಡನೆಯದು ಇನ್ನೂ ಗಂಭೀರ: ಗೀಸರ್ ಹಾಕಿದಾಗ ಕೆಲವು ದೀಪ ಮಂಕಾಗಿ ಕೆಲವು ಹೆಚ್ಚು ಬೆಳಗಿದರೆ, ಅಥವಾ ಒಂದು ಫೇಸಿನಲ್ಲಿ 200, ಇನ್ನೊಂದರಲ್ಲಿ 270 ಕಂಡರೆ ಅದು ಸೋಲಾರಿನ ಸಮಸ್ಯೆಯೇ ಅಲ್ಲ, ನ್ಯೂಟ್ರಲ್ ಸಡಿಲವಾಗಿದೆ. ಮೇನ್ ಇಳಿಸಿ, ತಕ್ಷಣ 1912ಕ್ಕೆ ಫೋನ್ ಮಾಡಿ.

ಪ್ರಶ್ನೆ: ಕರೆಂಟ್ ಹೋದಾಗ ಬಿಸಿಲಿದ್ದರೂ ಸೋಲಾರ್ ಯಾಕೆ ನಿಲ್ಲುತ್ತದೆ? ಲಕ್ಷಗಟ್ಟಲೆ ಕೊಟ್ಟು ಹಾಕಿಸಿ ಫ್ಯಾನೂ ತಿರುಗದಿದ್ದರೆ ಹೇಗೆ? (ಹಾವೇರಿ)

ಲೈನ್‌ಮ್ಯಾನ್ ಕಂಬದ ಮೇಲಿರುತ್ತಾರೆ, ಅದಕ್ಕೆ. ಸಬ್‌ಸ್ಟೇಷನ್ನಿನಲ್ಲಿ ಲೈನ್ ಆಫ್ ಮಾಡಿದ್ದರೂ ನಿಮ್ಮ ತಾರಸಿಯಿಂದ ಕರೆಂಟ್ ಬಂದರೆ, ಟಿಸಿ ಅದನ್ನು ಹಿಮ್ಮುಖವಾಗಿ 11 ಸಾವಿರ ವೋಲ್ಟಿಗೆ ಏರಿಸುತ್ತದೆ. ಹಾಗಾಗಿ ಗ್ರಿಡ್ ಕಾಣದಿದ್ದರೆ ಇನ್ವರ್ಟರ್ ತಾನಾಗಿ ನಿಲ್ಲಲೇಬೇಕು.

ಕರೆಂಟ್ ಹೋದಾಗಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ದೀಪ, ಫ್ಯಾನ್, ಫ್ರಿಜ್, ವೈಫೈ ಇವುಗಳ ವೈರಿಂಗನ್ನು ಬೇರೆ ಡಿಬಿಗೆ (ಬ್ರೇಕರ್‌ಗಳ ಪೆಟ್ಟಿಗೆಗೆ) ತಂದು ಇನ್ವರ್ಟರಿನ ಬ್ಯಾಕಪ್ ಟರ್ಮಿನಲ್ಲಿಗೆ ಕೊಡಬೇಕು. ಆ ಡಿಬಿಯ ನ್ಯೂಟ್ರಲ್ ಬೇರೆಯೇ ಇರಲಿ. ಎರಡೂ ನ್ಯೂಟ್ರಲ್ ಕೂಡಿಸಿಬಿಟ್ಟರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿದುಹಾಕುವ ಸ್ವಿಚ್) ಸುಮ್ಮಸುಮ್ಮನೆ ಬೀಳುತ್ತದೆ. ಡೀಸೆಲ್ ಜನರೇಟರಿನ ಲೈನಿಗೆ ಸಾಮಾನ್ಯ ಸೋಲಾರ್ ಇನ್ವರ್ಟರನ್ನು ನೇರ ಕೂಡಿಸಬೇಡಿ.

ಪ್ರಶ್ನೆ: ‘ನಿಮ್ಮ ಟಿಸಿಯಲ್ಲಿ ಸೋಲಾರಿಗೆ ಜಾಗ ಇಲ್ಲ’ ಎಂದು ಅರ್ಜಿ ತಿರಸ್ಕರಿಸಿದ್ದಾರೆ. ಜಾಗ ಅಂದರೆ ಏನು? ಹೀಗೆ ಹೇಳುವ ಹಕ್ಕಿದೆಯೇ? (ಮೈಸೂರು)

ಕೆವಿಎ ಎಂದರೆ ಟಿಸಿ ಹೊರಬಲ್ಲ ಹೊರೆಯ ಅಳತೆ. 63 ಕೆವಿಎ ಟಿಸಿ ಕೆಳಕ್ಕೆ 63 ಕೆವಿಎ ಇಳಿಸುವ ಹಾಗೆಯೇ ಮೇಲಕ್ಕೂ ಅಷ್ಟನ್ನೇ ಹತ್ತಿಸಬಲ್ಲದು. ಆ ಬೀದಿಯ ಸೋಲಾರ್ ಎಲ್ಲ ಸೇರಿ ಅದಕ್ಕೆ ಹತ್ತಿರವಾಯಿತೆಂದರೆ ಜಾಗ ಮುಗಿಯಿತು. ಆದರೆ ಸಾಮಾನ್ಯವಾಗಿ ಟಿಸಿ ತುಂಬುವ ಮೊದಲೇ ಕೊನೆಯ ಮನೆಯ ವೋಲ್ಟೇಜ್ ಮಿತಿ ದಾಟಿರುತ್ತದೆ. ಆ ಅರ್ಥದಲ್ಲಿ ಟಿಸಿ ಪಕ್ಕದ ಮನೆಗೆ ಇರುವ ಜಾಗ ಬೇರೆ, ಕೊನೆಯ ಕಂಬದ ಮನೆಗೆ ಇರುವ ಜಾಗ ಬೇರೆ. ಒಂದೇ ಶೇಕಡಾವಾರು ಮಿತಿ ಹಾಕುವುದು ಆಫೀಸಿಗೆ ಅನುಕೂಲ, ತಂತಿಗೆ ಅದರ ಗೊಡವೆ ಇಲ್ಲ.

ಹಕ್ಕಿನ ಮಾತು: ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕು ನಿಯಮಗಳಿಗೆ 2024ರಲ್ಲಿ ತಿದ್ದುಪಡಿ ಬಂದಿದೆ. ಅದರಂತೆ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಕಿಲ್ಲ, ಅರ್ಜಿ ಪೂರ್ತಿಯಾಗಿದ್ದರೆ ಒಪ್ಪಿದಂತೆಯೇ. ಅದಕ್ಕೆ ಮೇಲ್ಪಟ್ಟದ್ದಕ್ಕೆ 15 ದಿನದಲ್ಲಿ ಪರಿಶೀಲನೆ ಮುಗಿಸಬೇಕು, ಮುಗಿಸದಿದ್ದರೆ ಒಪ್ಪಿದಂತೆ. 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ಲೈನ್ ಬಲಪಡಿಸಬೇಕಾಗಿ ಬಂದರೆ ಖರ್ಚು ಕಂಪನಿಯದು. ನಿಮ್ಮದು ಈ ಮಿತಿಯೊಳಗಿದ್ದರೆ ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಿ. ಪಿಎಂ ಸೂರ್ಯಘರ್ ಸಹಾಯಧನವೂ 3 ಕಿಲೋವ್ಯಾಟ್‌ಗೆ 78,000 ರೂಪಾಯಿಗೆ ನಿಲ್ಲುತ್ತದೆ. ಬಿಲ್ ಸಣ್ಣದಿದ್ದರೆ ಅದಕ್ಕಿಂತ ದೊಡ್ಡದು ಹಾಕಿಸುವ ಮೊದಲು ಯೋಚಿಸಿ.

ಜಾಗ ನಿಜಕ್ಕೂ ಮುಗಿದಲ್ಲಿ ನಡುದಾರಿ ಇದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಸೋಲಾರ್ ಹಾಕುವವರಿಗೆ ಎರಡು ಆಯ್ಕೆ ಕೊಟ್ಟರು: ಯಾವಾಗಲೂ 1.5 ಕಿಲೋವ್ಯಾಟ್ ಮಾತ್ರ ಹೊರಗೆ ಕಳಿಸುವುದು, ಇಲ್ಲವೇ ಲೈನಿನಲ್ಲಿ ಜಾಗವಿದ್ದಾಗ 10ರವರೆಗೂ ಕಳಿಸಿ, ಇಕ್ಕಟ್ಟಾದಾಗ ಕಂಪನಿ ಇಂಟರ್‌ನೆಟ್ ಮೂಲಕ ಹೇಳಿದಷ್ಟಕ್ಕೆ ಇಳಿಸುವುದು. ಇಕ್ಕಟ್ಟಿರುವುದು ವರ್ಷದಲ್ಲಿ ಸ್ವಲ್ಪ ಹೊತ್ತು ಮಾತ್ರ, ಆದ್ದರಿಂದ ಎರಡನೆಯದೇ ಲಾಭ. ಮನೆಯ ಮೇನ್‌ನಲ್ಲಿ ಸಿಟಿ (ತಂತಿಯ ಕರೆಂಟ್ ಅಳೆಯುವ ಬಳೆ) ಕೂರಿಸಿ ಹೊರಹೋಗುವುದನ್ನು ಇಂತಿಷ್ಟಕ್ಕೆ ಕಟ್ಟಿಹಾಕುವ ಸೌಲಭ್ಯ ನಮ್ಮ ಮಾರುಕಟ್ಟೆಯ ಇನ್ವರ್ಟರ್‌ಗಳಲ್ಲೂ ಇದೆ. ಸಿಟಿಯ ಬಾಣದ ಗುರುತು ತಿರುವುಮುರುವಾದರೆ ಮಾತ್ರ ಲೆಕ್ಕ ಉಲ್ಟಾ ಆಗುತ್ತದೆ, ಹಾಕಿದ ದಿನವೇ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಕಡೆ ಮೂರು ಫೇಸ್ ಕರೆಂಟನ್ನು ಹಗಲಿಗೆ ತಂದಿದ್ದಾರೆ. ರಾತ್ರಿ ಹೊಲಕ್ಕೆ ಹೋಗುವುದು ತಪ್ಪಿತು, ಸಂತೋಷ. ಆದರೆ ಕರೆಂಟ್ ಬಂದ ಕೂಡಲೇ ಟಿಸಿ ಫ್ಯೂಸ್ ಹೋಗುತ್ತದೆ, ವರ್ಷಕ್ಕೊಮ್ಮೆ ಟಿಸಿಯೇ ಸುಡುತ್ತದೆ. ಹಗಲು ಕೊಟ್ಟರೆ ಕಂಪನಿಗೇನು ಲಾಭ? (ಚಿತ್ರದುರ್ಗ)

ಎರಡನೆಯದಕ್ಕೆ ಮೊದಲು ಉತ್ತರ. 5 ಎಚ್‌ಪಿ ಮೋಟಾರ್ ಲೈನಿನಿಂದ ಎಳೆಯುವುದು ಹತ್ತಿರ ಹತ್ತಿರ 4.8 ಕಿಲೋವ್ಯಾಟ್. ಒಂದು ಫೀಡರಿನಲ್ಲಿ (ಸಬ್‌ಸ್ಟೇಷನ್ನಿನಿಂದ ಹೊರಡುವ ಒಂದು ಲೈನಿನಲ್ಲಿ) 400 ಮೋಟಾರ್ ಇದ್ದರೆ ಸುಮಾರು 2 ಮೆಗಾವ್ಯಾಟ್. ಬಾವಿಗೆ, ತೊಟ್ಟಿಗೆ, ಬೆಳೆಗೆ ಇದು ಹಗಲಾದರೂ ಸರಿ, ರಾತ್ರಿಯಾದರೂ ಸರಿ. ಹೀಗೆ ಸರಿಸಿದರೂ ಯಾರಿಗೂ ನಷ್ಟವಾಗದ ಲೋಡ್ ನಗರಗಳಲ್ಲಿ ಅಪರೂಪ. ಕರ್ನಾಟಕದಲ್ಲಿ ಪಂಪ್‌ಸೆಟ್‌ಗಳು ಲಕ್ಷಗಟ್ಟಲೆ ಇವೆ, ಅವುಗಳ ಫೀಡರ್ ಬೇರೆ ಮಾಡಿರುವ ಕಡೆ ಸ್ವಿಚ್ ಸಬ್‌ಸ್ಟೇಷನ್ನಿನಲ್ಲೇ ಇದೆ. ಬ್ಯಾಟರಿ ಬೇಡ, ಆ್ಯಪ್ ಬೇಡ. ನಮ್ಮ ರಾಜ್ಯದ ಮಟ್ಟಿಗೆ ಅತಿ ಅಗ್ಗದ ಹೊಂದಾಣಿಕೆ ಇದೇ ಎಂಬುದು ನಮ್ಮ ಅಭಿಪ್ರಾಯ. ಸೋಲಾರ್ ಹೇರಳವಾಗಿರುವ ಹೊತ್ತಿಗೆ ಪಂಪ್ ನಡೆದರೆ ಸಂಜೆಗೆ ದುಬಾರಿ ಕರೆಂಟ್ ಕೊಳ್ಳುವುದು ತಪ್ಪುತ್ತದೆ.

ಕುಸುಮ್ ‘ಸಿ’ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಘಟಕ ಹಾಕಿ ಅದೇ ಫೀಡರಿಗೆ ಕೊಡುತ್ತಾರೆ. ಒಂದು ಮೆಗಾವ್ಯಾಟಿಗೆ ಸುಮಾರು 4 ಎಕರೆ. ದೂರದಿಂದ ತರುವ ಲೈನ್ ನಷ್ಟ ಉಳಿಯುತ್ತದೆ. ಆದರೆ 2 ಮೆಗಾವ್ಯಾಟ್ ಘಟಕ ದಿನಕ್ಕೆ ಕೊಡುವುದು ಸುಮಾರು 8ರಿಂದ 9 ಸಾವಿರ ಯೂನಿಟ್, ನಿಮ್ಮ 400 ಮೋಟಾರ್ 7 ಗಂಟೆ ನಡೆದರೆ ಬೇಕಾಗುವುದು 13 ಸಾವಿರಕ್ಕೂ ಹೆಚ್ಚು. ಹಾಗಾಗಿ ಬೆಳಿಗ್ಗೆ, ಸಂಜೆಯ ಕೊರತೆಗೆ ಗ್ರಿಡ್ ಬೇಕೇ ಬೇಕು. ಮಳೆಗಾಲದಲ್ಲಿ ಉಲ್ಟಾ: ಪಂಪ್ ನಿಂತಿರುತ್ತದೆ, ಬಿಸಿಲು ಬಂದಾಗ ಘಟಕ ನಡೆಯುತ್ತದೆ, ಕರೆಂಟ್ ಸಬ್‌ಸ್ಟೇಷನ್ನಿನಿಂದ ಮೇಲಕ್ಕೆ ಹತ್ತುತ್ತದೆ. ಒಂದೇ ದಿಕ್ಕಿನ ಹರಿವು ಎಂದು ಸೆಟ್ ಮಾಡಿದ ರಿಲೇ (ದೋಷ ಕಂಡರೆ ಲೈನ್ ಕಡಿಸುವ ಸಾಧನ) ಮತ್ತು ಟ್ಯಾಪ್ ಚೇಂಜರ್ ಇದ್ದರೆ ಆಗ ಎಡವಟ್ಟು.

ಈಗ ನಿಮ್ಮ ಫ್ಯೂಸ್. ದೋಷ, ಕರೆಂಟ್ ಬಂದ ಕೂಡಲೇ ಮೋಟಾರನ್ನು ತಾನಾಗಿ ಹೊರಡಿಸುವ ಆಟೋ ಸ್ಟಾರ್ಟರಿನದು. 63 ಕೆವಿಎ ಟಿಸಿಯಲ್ಲಿ 5 ಎಚ್‌ಪಿಯ ಹತ್ತು ಮೋಟಾರ್ ಇವೆ ಎನ್ನಿ, ಒಂದೊಂದು 6 ಕೆವಿಎ, ಒಟ್ಟು 60. ಓಡುವಾಗ ಸರಿ. ಡೈರೆಕ್ಟ್ ಸ್ಟಾರ್ಟರಿನಲ್ಲಿ ಮೋಟಾರ್ ಹೊರಡುವಾಗ ಆರು ಪಟ್ಟು ಕರೆಂಟ್ ಎಳೆಯುತ್ತದೆ. ಲೈನ್ ಬಂದ ಕೂಡಲೇ ಹತ್ತೂ ಒಟ್ಟಿಗೆ ಹೊರಟರೆ ಬೇಕಾಗುವುದು 360 ಕೆವಿಎ. ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಯಾವ ಮೋಟಾರೂ ವೇಗ ಹಿಡಿಯುವುದಿಲ್ಲ, ವೇಗ ಹಿಡಿಯುವವರೆಗೆ ಆರು ಪಟ್ಟು ಕರೆಂಟ್ ಇಳಿಯುವುದಿಲ್ಲ. ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋಗದಂತೆ ದಪ್ಪ ತಂತಿ ಕಟ್ಟಿದ್ದರೆ ಟಿಸಿಯ ಸುರುಳಿ ಹೋಗುತ್ತದೆ.

ಆ ಟಿಸಿಯ ಹತ್ತು ರೈತರು ಒಂದು ದಿನ ಕೂತು ಮಾತಾಡಿದರೆ ಮುಗಿಯುವ ಕೆಲಸ ಇದು. ಆಟೋ ಸ್ಟಾರ್ಟರಿನಲ್ಲಿ ತಡವಾಗಿ ಹೊರಡಿಸುವ ಟೈಮರ್ ಇದ್ದರೆ ಮೊದಲನೆಯವರದು 20 ಸೆಕೆಂಡ್, ಎರಡನೆಯವರದು 40, ಹೀಗೆ 20ರ ಅಂತರದಲ್ಲಿ ಇಡಿ. ಹತ್ತನೆಯ ಮೋಟಾರಿಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡ್ ತಡ, ಅಷ್ಟೇ. ಟೈಮರ್ ಇಲ್ಲದ ಹಳೆಯ ಆಟೋ ಸ್ವಿಚ್ ಬದಲಿಸಿ. ಲೈನಿನಿಂದ ಎಳೆಯುವ ಕರೆಂಟ್ ತಗ್ಗಲು ಪ್ರತಿ 5 ಎಚ್‌ಪಿಗೆ 2 ಕೆವಿಎಆರ್ (ಕೆಪಾಸಿಟರಿನ ಅಳತೆ) ಕೆಪಾಸಿಟರ್ ಇರಲಿ. ಸ್ಟಾರ್ಟರಿನ ಆಚೆ, ಮೋಟಾರಿನ ಕಡೆಗೆ ಕೂಡಿಸಿದರೆ ಮೋಟಾರಿನ ಜೊತೆಗೇ ಆಫ್ ಆಗುತ್ತದೆ. ಉಬ್ಬಿದ ಕೆಪಾಸಿಟರ್ ಸತ್ತಂತೆಯೇ, ಬಿಸಾಡಿ. ಸಿಂಗಲ್ ಫೇಸ್ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಮೂರು ಫೇಸ್ ಮೋಟಾರ್ ಓಡಿಸುವ ಚಾಳಿ ಬಿಡದಿದ್ದರೆ ಮೇಲಿನದ್ದೆಲ್ಲ ನೀರ ಮೇಲಿನ ಬರಹ.

ಪ್ರಶ್ನೆ: ಮಧ್ಯಾಹ್ನ ಕರೆಂಟ್ ಹೆಚ್ಚಾಗಿದೆ ಎನ್ನುತ್ತಾರೆ, ಸಂಜೆ ಕೊರತೆ ಎನ್ನುತ್ತಾರೆ. ಹೆಚ್ಚಾದದ್ದನ್ನು ಏನು ಮಾಡುತ್ತಾರೆ? ಗಂಟೆಗೊಂದು ದರ ಬಂದರೆ ನಮಗೇನು? (ಬೆಂಗಳೂರು)

ಪಾವಗಡ ಸೋಲಾರ್ ಪಾರ್ಕಿನ ಸಾಮರ್ಥ್ಯ 2050 ಮೆಗಾವ್ಯಾಟ್. ಸಂಜೆ ನಾಲ್ಕರಿಂದ ಆರೂವರೆಯೊಳಗೆ ಅದು ಸೊನ್ನೆಗಿಳಿಯುತ್ತದೆ. ಶರಾವತಿ ವಿದ್ಯುದಾಗಾರದ ಹತ್ತೂ ಘಟಕ ಪೂರ್ತಿ ಓಡಿದರೆ 1035 ಮೆಗಾವ್ಯಾಟ್. ಅಂದರೆ ಒಂದು ಪಾರ್ಕ್ ಬಿಟ್ಟ ಜಾಗ ತುಂಬಲು ಎರಡು ಶರಾವತಿ ಬೇಕು, ಅದೂ ಎಲ್ಲರೂ ಮನೆಗೆ ಬಂದು ದೀಪ ಹಾಕುವ ಹೊತ್ತಿಗೆ.

ಬೆಂಗಳೂರಿನ ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರದವರು ಕಣ್ಣಿಟ್ಟಿರುವುದು ಫ್ರೀಕ್ವೆನ್ಸಿಯ ಮೇಲೆ. 49.90ರಿಂದ 50.05 ಹರ್ಟ್ಜ್ ಒಳಗಿರಬೇಕು. ಉತ್ಪಾದನೆ ಹೆಚ್ಚಾದರೆ ಮೇಲೆ, ಬಳಕೆ ಹೆಚ್ಚಾದರೆ ಕೆಳಗೆ. ಬುಕ್ ಮಾಡಿದ್ದಕ್ಕಿಂತ ಹೆಚ್ಚು ಎಳೆದರೆ ರಾಜ್ಯಕ್ಕೆ ದಂಡದ ದರ. ಮಧ್ಯಾಹ್ನ ಹೆಚ್ಚಾದಾಗ ಮೊದಲು ಜಲವಿದ್ಯುತ್ ನಿಲ್ಲಿಸುತ್ತಾರೆ, ನೀರು ಲಿಂಗನಮಕ್ಕಿಯಲ್ಲೇ ಉಳಿಯುತ್ತದೆ. ಆಮೇಲೆ ಕಲ್ಲಿದ್ದಲ ಘಟಕಗಳನ್ನು ತಗ್ಗಿಸುತ್ತಾರೆ, ಆದರೆ ಶೇ 55ರ ಆಸುಪಾಸಿಗಿಂತ ಕೆಳಗೆ ಹೋದರೆ ಬಾಯ್ಲರಿನ ಉರಿ ನಿಲ್ಲಿಸಿಕೊಳ್ಳುವುದು ಕಷ್ಟ. ಪೂರ್ತಿ ಆರಿಸಿದರೆ ಸಂಜೆಯ ಹೊತ್ತಿಗೆ ಮತ್ತೆ ಎಬ್ಬಿಸಲಾಗದು. ಉಳಿದದ್ದನ್ನು ಎಕ್ಸ್‌ಚೇಂಜಿನಲ್ಲಿ (ವಿದ್ಯುತ್ ಮಾರುಕಟ್ಟೆಯಲ್ಲಿ) ಮಾರುತ್ತಾರೆ, ಉತ್ತರದ ರಾಜ್ಯಗಳಿಗೆ ಈಗ ಕೊಟ್ಟು ಆಮೇಲೆ ವಾಪಸು ಪಡೆಯುವ ಒಪ್ಪಂದವೂ ಉಂಟು. ಕೊನೆಗೆ ಸೋಲಾರನ್ನೇ ಕಡಿತ ಮಾಡುವುದು. 2023ರಂಥ ಬರದ ವರ್ಷದಲ್ಲಿ ಜಲಾಶಯವೇ ಖಾಲಿ, ಆಗ ಇಡೀ ಲೆಕ್ಕಾಚಾರ ಕುಂಟುತ್ತದೆ.

ಗಂಟೆಯ ದರದ ವಿಷಯ: ಕೇಂದ್ರದ 2023ರ ನಿಯಮದಂತೆ ದಿನದ 8 ಸೋಲಾರ್ ಗಂಟೆಗಳಲ್ಲಿ ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ 20 ಕಡಿಮೆ, ಪೀಕ್ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ 1.1 ಪಟ್ಟು, ವಾಣಿಜ್ಯ-ಕೈಗಾರಿಕೆಗೆ 1.2 ಪಟ್ಟು ಇರಬೇಕು. ಸ್ಮಾರ್ಟ್ ಮೀಟರ್ ಇಲ್ಲದೆ ಇದು ನಡೆಯದು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಶೇ 20 ರಿಯಾಯಿತಿಯ ಆಸೆ ತೋರಿಸಿ ಪ್ರಯೋಜನವೂ ಇಲ್ಲ. ನಿಜವಾಗಿ ಸರಿಸಬಹುದಾದದ್ದು ಅಪಾರ್ಟ್‌ಮೆಂಟಿನ ನೀರಿನ ಪಂಪ್. ಬೆಳಿಗ್ಗೆ ಆರಕ್ಕೆ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಹತ್ತಿಸುವುದನ್ನು ಟೈಮರ್ ಹಾಕಿ ಮಧ್ಯಾಹ್ನ ಹನ್ನೆರಡಕ್ಕೆ ಇಡಿ. ಟ್ಯಾಂಕ್ ಮರುದಿನ ಬೆಳಗಿನವರೆಗೆ ಸಾಲುವಷ್ಟು ದೊಡ್ಡದಿರಬೇಕು, ಫ್ಲೋಟ್ ಸ್ವಿಚ್ ಸರಿಯಾಗಿರಬೇಕು. ನ್ಯೂಜಿಲೆಂಡಿನಲ್ಲಿ 1950ರ ದಶಕದಿಂದಲೂ ಕಂಪನಿಯೇ ಲೈನಿನ ಮೂಲಕ ಸಂಕೇತ ಕಳಿಸಿ ಮನೆಗಳ ಗೀಸರ್ ಆಫ್ ಮಾಡುತ್ತದೆ. ಅಲ್ಲಿಯ ಟ್ಯಾಂಕುಗಳು ದೊಡ್ಡವು, ಬಿಸಿ ಉಳಿಯುತ್ತದೆ. ನಮ್ಮ 15 ಲೀಟರಿನ ಗೀಸರಿಗೆ ಅದು ಒಗ್ಗದು.

ಪ್ರಶ್ನೆ: 40 ಎಲೆಕ್ಟ್ರಿಕ್ ಕಾರಿಗೆ ಚಾರ್ಜರ್ ಹಾಕಬೇಕು. ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದು ಕಂಟ್ರಾಕ್ಟರ್ ಹೇಳುತ್ತಾರೆ. ಹೌದೇ? (ಬೆಂಗಳೂರು)

ಅವರು ಮಾಡಿರುವುದು 40 ಚಾರ್ಜರ್ × 7.4 ಕಿಲೋವ್ಯಾಟ್ = 296 ಕಿಲೋವ್ಯಾಟ್ ಎಂಬ ಲೆಕ್ಕ. ನೀವು ಹೀಗೆ ಮಾಡಿ: ಒಂದು ಕಾರು ದಿನಕ್ಕೆ 40 ಕಿಲೋಮೀಟರ್ ಓಡಿದರೆ ಸುಮಾರು 6 ಯೂನಿಟ್. 40 ಕಾರಿಗೆ 240 ಯೂನಿಟ್. ರಾತ್ರಿ ಎಂಟು ಗಂಟೆಗಳಲ್ಲಿ ಹಂಚಿದರೆ 30 ಕಿಲೋವ್ಯಾಟ್. ಹತ್ತರಲ್ಲಿ ಒಂದು ಪಾಲು. ಎಲ್ಲರೂ ಸಂಜೆ ಏಳಕ್ಕೆ ಬಂದು ಒಟ್ಟಿಗೆ ಚುಚ್ಚಿದರೆ ಮಾತ್ರ ಟ್ರಾನ್ಸ್‌ಫಾರ್ಮರ್ ಬೇಕು.

ಹಾಗಾಗದಿರಲು ಲೋಡ್ ಹಂಚುವ ಕಂಟ್ರೋಲರ್ ಸಾಕು. ಕಟ್ಟಡದ ಮೇನ್ ಪ್ಯಾನೆಲ್‌ನಲ್ಲಿ ಮೂರೂ ಫೇಸಿಗೆ ಸಿಟಿ ಕೂರಿಸಿ, ಲಿಫ್ಟು, ಪಂಪು, ಮನೆಗಳದ್ದೆಲ್ಲ ಕಳೆದು ಉಳಿದ ಆಂಪ್‌ಗಳನ್ನು ಚಾರ್ಜರ್‌ಗಳಿಗೆ ಹಂಚುತ್ತದೆ. ಚಾರ್ಜರ್ ಕೊಳ್ಳುವಾಗ ಓಸಿಪಿಪಿ (ಬೇರೆ ಬೇರೆ ಕಂಪನಿಯ ಚಾರ್ಜರ್, ಕಂಟ್ರೋಲರ್ ಮಾತಾಡುವ ಸಾಮಾನ್ಯ ಭಾಷೆ) ಇರುವುದನ್ನೇ ಕೊಳ್ಳಿ, ಒಂದೇ ಕಂಪನಿಗೆ ಗಂಟು ಬೀಳುವುದು ತಪ್ಪುತ್ತದೆ. ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದೆ ಕಂಟ್ರೋಲರ್ ಕೈಕೊಡುವುದೇ ಸಾಮಾನ್ಯ ದೂರು, ಆದ್ದರಿಂದ ಸಂಪರ್ಕಕ್ಕೆ ತಂತಿಯನ್ನೇ ಎಳೆಸಿ. ಸಂಪರ್ಕ ತಪ್ಪಿದಾಗ ಪ್ರತಿ ಚಾರ್ಜರ್ 6 ಆಂಪ್‌ಗೆ ತಾನಾಗಿ ಇಳಿಯುವಂತೆ ಸೆಟ್ ಮಾಡಿಸಿ. ಸಿಂಗಲ್ ಫೇಸ್ ಚಾರ್ಜರ್‌ಗಳನ್ನು ಆರ್, ವೈ, ಬಿ ಎಂಬ ಮೂರು ಫೇಸುಗಳಿಗೆ ಸರದಿಯಲ್ಲಿ ಕೂಡಿಸಿದ್ದಾರೋ ನೋಡಿ. ಕೆಲಸ ಸುಲಭವೆಂದು ಒಂದೇ ಫೇಸಿಗೆ ಹದಿನೈದು ಕೊಟ್ಟಿರುವುದುಂಟು.

ಪ್ರಶ್ನೆ: ಮುಂದೆ ಕಂಪನಿಯವರು ದೂರದಿಂದಲೇ ನಮ್ಮ ಸೋಲಾರ್ ಆಫ್ ಮಾಡುತ್ತಾರೆ ಎಂದು ಕೇಳಿದೆ. ಇದು ಅನ್ಯಾಯವಲ್ಲವೇ? (ಉಡುಪಿ)

ಆಸ್ಟ್ರೇಲಿಯಾದಲ್ಲಿ ಆಗಿದೆ. 2021ರ ಮಾರ್ಚ್ 14, ಭಾನುವಾರ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿಸಿಲು ಜೋರು, ಬಳಕೆ ಕಡಿಮೆ, ಹೊರಕ್ಕೆ ಕಳಿಸುವ ಲೈನಿನ ಸಾಮರ್ಥ್ಯವೂ ಕುಗ್ಗಿತ್ತು. ಗ್ರಿಡ್ ಬೀಳದಿರಲೆಂದು ಸಾವಿರಾರು ಮನೆಗಳ ಸೋಲಾರನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು. ಬಳಸಿದ ಉಪಾಯಗಳಲ್ಲಿ ಒಂದು ಸಬ್‌ಸ್ಟೇಷನ್ನಿನಲ್ಲಿ ಬೇಕೆಂದೇ ವೋಲ್ಟೇಜ್ ಏರಿಸುವುದು. ಆಗ ಇನ್ವರ್ಟರ್‌ಗಳು ಮೇಲಿನ ತುಮಕೂರಿನ ಮನೆಯದರ ಹಾಗೆ ತಾವೇ ನಿಂತವು.

ನಿಜವಾದ ಅಪಾಯ ಬೇರೆ ಕಡೆ ಇದೆ: ಎಲ್ಲ ಇನ್ವರ್ಟರ್‌ಗಳೂ ಒಂದೇ ಅಂಕಿಗೆ ಸೆಟ್ ಆಗಿರುವುದು. ಜರ್ಮನಿಯಲ್ಲಿ ಫ್ರೀಕ್ವೆನ್ಸಿ 50.2 ಹರ್ಟ್ಜ್ ಮುಟ್ಟಿದರೆ ಸೋಲಾರ್ ಎಲ್ಲ ಕಡಿದುಕೊಳ್ಳಬೇಕೆಂಬ ನಿಯಮವಿತ್ತು. ಸೋಲಾರ್ ಸ್ವಲ್ಪವಿದ್ದಾಗ ಸರಿ. ಸಾವಿರಾರು ಮೆಗಾವ್ಯಾಟ್ ಆದಾಗ, ಒಂದೇ ಕ್ಷಣದಲ್ಲಿ ಅಷ್ಟೂ ಹೋದರೆ ಯುರೋಪಿನ ಗ್ರಿಡ್ ಕುಸಿಯುತ್ತದೆ ಎಂದು ಗೊತ್ತಾಯಿತು. 2012ರಲ್ಲಿ ಕಾನೂನು ತಂದು ಸುಮಾರು 3,15,000 ಘಟಕಗಳ ಸೆಟ್ಟಿಂಗ್ ಬದಲಿಸಬೇಕಾಯಿತು. ಈಗ 50.2 ದಾಟಿದ ಮೇಲೆ ಉತ್ಪಾದನೆ ಹರ್ಟ್ಜ್‌ಗೆ ಶೇ 40ರಂತೆ ಇಳಿಯುತ್ತದೆ, ಒಮ್ಮೆಗೇ ಕಡಿಯುವುದಿಲ್ಲ. ಹವಾಯಿಯಲ್ಲಿ 2015ರಲ್ಲಿ ಇಂಥದೇ ಕೆಲಸವನ್ನು ಸುಮಾರು 8 ಲಕ್ಷ ಮೈಕ್ರೋ ಇನ್ವರ್ಟರ್‌ಗಳಿಗೆ (ಪ್ಯಾನೆಲ್ಲಿಗೇ ಕೂರಿಸುವ ಸಣ್ಣ ಇನ್ವರ್ಟರ್‌ಗಳಿಗೆ) ಇಂಟರ್‌ನೆಟ್ಟಿನಲ್ಲೇ ಮಾಡಿ ಮುಗಿಸಿದರು, ತಾರಸಿ ಹತ್ತುವ ಗೋಜಿಲ್ಲದೆ. ನಮ್ಮ ನಿಯಮದಲ್ಲಿ ಆ ಅಂಕಿ 50.5 ಹರ್ಟ್ಜ್, ಕಡಿದುಕೊಳ್ಳಲು 0.2 ಸೆಕೆಂಡ್. ತಾರಸಿ ಸೋಲಾರ್ ಹೆಚ್ಚಿದಂತೆ ನಮ್ಮಲ್ಲೂ ಇಳಿಜಾರಿನ ಸೆಟ್ಟಿಂಗ್ ಬೇಕು. ಈಗ ಹಾಕಿಸುವವರು ದೂರದಿಂದ ಅಪ್‌ಡೇಟ್ ಆಗುವ ಇನ್ವರ್ಟರನ್ನೇ ಆರಿಸುವುದು ಜಾಣತನ, ಪಾಸ್‌ವರ್ಡನ್ನು ಮಾತ್ರ ಇನ್‌ಸ್ಟಾಲರಿನ 1234ಕ್ಕೆ ಬಿಡಬೇಡಿ.

ಅನ್ಯಾಯದ ಪ್ರಶ್ನೆಗೆ ಉತ್ತರ ಒಪ್ಪಂದದಲ್ಲಿರುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಎಷ್ಟು ಗಂಟೆ, ಮೊದಲೇ ತಿಳಿಸುತ್ತಾರೋ ಇಲ್ಲವೋ, ಹೋದ ಯೂನಿಟ್‌ಗೆ ದುಡ್ಡು ಇದೆಯೋ ಎಂಬುದನ್ನು ಸಹಿ ಹಾಕುವ ಮೊದಲು ಓದಿ.

ಪ್ರಶ್ನೆ: ಮನೆಗೆ ಬ್ಯಾಟರಿ ಹಾಕಿಸಿ ಸಂಜೆ ಗ್ರಿಡ್ಡಿಗೆ ಮಾರಬಹುದೇ? (ಧಾರವಾಡ)

ನೆಟ್ ಮೀಟರ್ ಇರುವವರಿಗೆ ಲೆಕ್ಕ ಕೂಡುವುದಿಲ್ಲ. ಹಗಲು ಗ್ರಿಡ್ಡಿಗೆ ಕೊಟ್ಟ ಒಂದು ಯೂನಿಟ್ ರಾತ್ರಿ ಬಳಸಿದ ಒಂದು ಯೂನಿಟ್ಟಿಗೆ ವಜಾ ಆಗುತ್ತದೆ. ಅದನ್ನೇ ಬ್ಯಾಟರಿಯಲ್ಲಿಟ್ಟು ತೆಗೆದರೆ 10ರಿಂದ 15 ಪರ್ಸೆಂಟ್ ಸೋರಿ, ಬ್ಯಾಟರಿಯ ಆಯುಸ್ಸೂ ಸವೆಯುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಗ್ರೀನ್ ಮೌಂಟನ್ ಪವರ್ ಎಂಬ ಕಂಪನಿ ಮನೆಗಳಿಗೆ ಬ್ಯಾಟರಿಯನ್ನು ತಿಂಗಳ ಬಾಡಿಗೆಗೆ ಕೊಡುತ್ತದೆ. ಪೀಕ್ ಹೊತ್ತಿನಲ್ಲಿ ಅವುಗಳಿಂದ ಕರೆಂಟ್ ಎಳೆದುಕೊಂಡು ತಾನು ಕಟ್ಟಬೇಕಾದ ಪೀಕ್ ಶುಲ್ಕ ಉಳಿಸಿಕೊಳ್ಳುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಮನೆಯವರದು. ಇಂಥದ್ದು ನಿಮ್ಮ ಎಸ್ಕಾಂನಿಂದ ಬಂದರೆ ಆಗ ನೋಡಿ.

ಕರೆಂಟ್ ಕಾಟ ಹೆಚ್ಚಿದ್ದರೆ ಬ್ಯಾಕಪ್‌ಗೆ ಮಾತ್ರ ಹಾಕಿಸಿ. 5 ಯೂನಿಟ್ಟಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು ನಾಲ್ಕೂವರೆ. ಫ್ರಿಜ್, ಫ್ಯಾನ್, ದೀಪ ಸೇರಿ ಸರಾಸರಿ 400 ವ್ಯಾಟ್ ಎಂದರೆ ಹನ್ನೊಂದು ಗಂಟೆ. ಅಡುಗೆಮನೆಯಲ್ಲೂ ಮೆಟ್ಟಿಲ ಕೆಳಗಿನ ಗಾಳಿಯಾಡದ ಗೂಡಿನಲ್ಲೂ ಇಡಬೇಡಿ.